ಎಳೆಮಗುವಿಗೆ ನೀರೆರೆಯುವ ಕೈ

ಕಳೆದ ಮಾಗಿಯಲ್ಲಿ ಬೈಕುಲ್ಲಾದ ನಮ್ಮ ಮನೆಗೆ ಮೊಮ್ಮಗಳು ಬಂದಳು. ಆಸ್ಪತ್ರೆಯಿಂದ ಹೊರಡುವಾಗ ಅವಳ ತೂಕ 2 ಕಿಲೋ 300 ಗ್ರಾಂ. ಮನೆಗೆ ಬಂದ ಮರುದಿನ ಬೆಳಿಗ್ಗೆ ನಾನು ಊರಿನಿಂದ ತರಿಸಿಟ್ಟಿದ್ದ ತೆಂಗಿನೆಣ್ಣೆಯನ್ನು ಬೆಚ್ಚಗೆ ಮಾಡಿ, ಬಚ್ಚಲಲ್ಲಿ ಮಣೆ ಹಾಕಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ ಸಿದ್ಧಳಾದೆ. ಸೊಸೆ ಮಗುವನ್ನು ಎದೆಗಪ್ಪಿಕೊಂಡು ಕುಳಿತಲ್ಲಿಂದ ಏಳಲಿಲ್ಲ. ವೈದ್ಯರು ಬರೆದುಕೊಟ್ಟ ಹಾಳೆಯೊಂದನ್ನು ಅವಳು ಆಗಲೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. “ಆಯಿ, ಹೊಕ್ಕುಳಬಳ್ಳಿ ಉದುರಿ, ತೂಕ ಎರಡೂವರೆ ಕಿಲೋ ಆಗುವವರೆಗೆ ನೀರು ಹಾಕುವುದು ಬೇಡವಂತೆ. ಬಟ್ಟೆ ಅದ್ದಿ ಒರೆಸಿದರೆ ಸಾಕಂತೆ” ಎಂದಳು. ಸಾತಾರಾದ ಹುಡುಗಿ, ತನ್ನ ಮರಾಠಿಯಲ್ಲಿ ಮೃದುವಾಗಿಯೇ ಹೇಳಿದಳು. ನಾನು ಎಣ್ಣೆಯ ಬಟ್ಟಲನ್ನು ಒಳಗಿಟ್ಟು ಬಂದೆ. ಆ ದಿನ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ.

ನನಗೆ ನೋವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವಳು ನಾನು. ಮಕ್ಕಳಿಲ್ಲದೆ ಒಂದೊಂದೇ ತರಗತಿ ಬರಿದಾದುದನ್ನು ಕಂಡವಳು. ಮನೆಯೊಳಗಾದರೂ ಒಂದು ಎಳೆ ಉಳಿಯಲಿ, ಮಗುವಿನ ಮೊದಲ ಮೀಯುವಿಕೆ ನನ್ನ ಕೈಯಿಂದ, ನನ್ನ ಮಾತಿನಲ್ಲಿ ನಡೆಯಲಿ ಎಂದು ತಿಂಗಳುಗಟ್ಟಲೆ ಆಸೆಪಟ್ಟಿದ್ದೆ. ಆ ಒಂದು ಹಾಳೆಯ ಮುಂದೆ ನನ್ನ ಊರು, ನನ್ನ ತಾಯಿ, ನನ್ನ ಅನುಭವ ಎಲ್ಲವೂ ಅಗ್ಗವಾದಂತೆ ತೋರಿತು. ಆದರೆ ಆ ರಾತ್ರಿ ನಿದ್ದೆ ಬಾರದೆ ಹೊರಳುತ್ತಿದ್ದಾಗ, ನಲವತ್ತು ವರ್ಷಗಳಿಂದ ನಾನು ಯಾರಲ್ಲಿಯೂ ಹೇಳದೆ ಮುಚ್ಚಿಟ್ಟ ಸಂಗತಿಯೊಂದು ಎದ್ದು ಎದುರಿಗೆ ಕುಳಿತಿತು. ಅದಕ್ಕೆ ಬರುವ ಮೊದಲು ಬಚ್ಚಲಿನ ಮಾತು ಸ್ವಲ್ಪ ಹೇಳಬೇಕು.

ಉಡುಪಿಯ ಕಡೆಯ ನಮ್ಮ ಹಳ್ಳಿಯಲ್ಲಿ ಮಗುವಿಗೆ ಸ್ನಾನ ಮಾಡಿಸುವ ಮಾತು ಇರಲಿಲ್ಲ, ಮಗುವನ್ನು ಮೀಯಿಸುತ್ತಿದ್ದರು. ಘಟ್ಟದ ಮೇಲಿನವರು ನೀರೆರೆಯುತ್ತಾರೆ, ಧಾರವಾಡದ ಕಡೆಯವರು ಜಳಕ ಮಾಡಿಸುತ್ತಾರೆ. ‘ಮೀ’ ಹಳಗನ್ನಡದಿಂದ ನಡೆದುಬಂದ ಧಾತು. ತುಳುವಿನಲ್ಲಿಯೂ ಅದರ ಒಡಹುಟ್ಟು ಇದೆ. ‘ಎರೆ’ ಎಂದರೆ ಹೊಯ್ಯುವುದು; ಲೋಹವನ್ನು ಅಚ್ಚಿಗೆ ಹೊಯ್ಯುವ ಎರಕವೂ ಅದೇ ಬೇರಿನದು. ನಮ್ಮ ಅಜ್ಜಿಯಂದಿರು ಈ ಎರಡನೆಯ ಅರ್ಥವನ್ನೂ ನಂಬಿದವರಂತೆ ನಡೆದುಕೊಳ್ಳುತ್ತಿದ್ದರು. ಮೂಗು ನೀಳವಾಗಲೆಂದು ತೀಡುವರು, ತಲೆ ಗುಂಡಗಾಗಲೆಂದು ಒತ್ತುವರು. ಮಗು ಇನ್ನೂ ಬಿಸಿಯಾರದ ಲೋಹ, ಈಗಲೇ ತಿದ್ದಬೇಕು ಎಂಬ ಅವಸರ ಅವರ ಬೆರಳುಗಳಲ್ಲಿತ್ತು.

ಆ ಬಚ್ಚಲಿನ ವ್ಯವಸ್ಥೆಯನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ನೆಕ್ಕಿ ಸೊಪ್ಪು ಹಾಕಿ ಹಂಡೆಯಲ್ಲಿ ಕುದಿಸಿದ ನೀರು ಬಾಣಂತಿಗೆ. ಅದೇ ಒಲೆಯಿಂದ ಬೆಚ್ಚಗಾದ ಕೋಣೆಯಲ್ಲಿ ಮಗುವಿನ ಸ್ನಾನ. ಮೀಯಿಸುವವಳು ಕಾಲು ಚಾಚಿ ಕುಳಿತು ತನ್ನ ಮೊಣಕಾಲ ಕೆಳಗಿನ ಜಾಗದಲ್ಲಿ ಮಗುವನ್ನು ಮಲಗಿಸಿಕೊಳ್ಳುವಳು, ಇಲ್ಲವೇ ಅಡಿಕೆಯ ಹಾಳೆಯ ಮೇಲೆ ಮಲಗಿಸುವಳು. ಹಾಳೆಯ ಒಳಮೈ ನುಣುಪು. ಅಂಚುಗಳು ಮೇಲಕ್ಕೆ ಬಾಗಿರುವುದರಿಂದ ಮಗು ಪಕ್ಕಕ್ಕೆ ಹೊರಳದು. ನೀರು ತುದಿಯಿಂದ ತಾನೇ ಹರಿದುಹೋಗುವುದು. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ತೊಟ್ಟಿ ಮಾಡುವ ಕೆಲಸವನ್ನು ಒಂದು ಉದುರಿದ ಹಾಳೆ ಮಾಡಿಕೊಡುತ್ತಿತ್ತು.

1979ರಲ್ಲಿ ಮದುವೆಯಾಗಿ ನಾನು ಬೈಕುಲ್ಲಾದ ಚಾಳಿಗೆ ಬಂದಾಗ ಇಲ್ಲಿ ಹಂಡೆಯೂ ಇರಲಿಲ್ಲ, ಹಾಳೆಯೂ ಇರಲಿಲ್ಲ. ಒಂದೇ ಕೋಣೆ, ಅದರ ಮೂಲೆಯಲ್ಲಿ ಗೇಣೆತ್ತರದ ಕಟ್ಟೆ ಕಟ್ಟಿದ ‘ಮೋರಿ’. ಊರಿನ ಕನ್ನಡದಲ್ಲಿ ಮೋರಿಯೆಂದರೆ ಕೊಳಚೆ ಹರಿಯುವ ಕಾಲುವೆ. ಇಲ್ಲಿ ಪಾತ್ರೆ ತೊಳೆಯುವ, ಮೈ ತೊಳೆಯುವ ಜಾಗ. ವಿಹಾರ ಕೆರೆಯ ನೀರು 1860ರಲ್ಲಿ ಕೊಳವೆಯ ಮೂಲಕ ಈ ನಗರಕ್ಕೆ ಬಂತು. ಅಂದಿನಿಂದ ಇಲ್ಲಿನ ಬಡವರ ದಿನಚರಿಯನ್ನು ನಡೆಸುವುದು ಗಡಿಯಾರಕ್ಕಿಂತ ಹೆಚ್ಚಾಗಿ ನಳದ ಹೊತ್ತು. ನಮ್ಮ ಮಹಡಿಗೆ ನಸುಕಿನಲ್ಲಿ ನೀರು ಬರುತ್ತಿತ್ತು. ಪಿಂಪ ತುಂಬಿಸಿಟ್ಟುಕೊಂಡರೆ ಆ ದಿನಕ್ಕೆ ಅಷ್ಟೇ. ಸೀಮೆಎಣ್ಣೆಯ ಸ್ಟೌವಿನ ಮೇಲೆ ಒಂದು ತಪೇಲಿ ನೀರು ಕಾಯಿಸುವಾಗಲೂ ಎಣ್ಣೆ ಎಷ್ಟು ಉಳಿದಿದೆ ಎಂದು ನೋಡಬೇಕಿತ್ತು.

ನನ್ನ ಮಗ ಹುಟ್ಟಿದ್ದು 1982ರ ಮಾರ್ಚಿನಲ್ಲಿ. ಆ ವರ್ಷದ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಗಿತ್ತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟಿದ್ದರು. ಲಾಲ್‌ಬಾಗ್, ಪರೇಲ್, ಬೈಕುಲ್ಲಾಗಳ ಚಿಮಣಿಗಳು ಹೊಗೆಯಿಲ್ಲದೆ ನಿಂತಿದ್ದವು. ನಮ್ಮ ಪಕ್ಕದ ಕೋಣೆಯಲ್ಲಿ ರತ್ನಾಗಿರಿಯ ಕಡೆಯ ಒಬ್ಬ ಆಜಿ ಇದ್ದರು. ಅವರ ಮಗನೂ ಮುಷ್ಕರದಲ್ಲಿದ್ದ. ನನ್ನ ತಾಯಿಗೆ ಊರಿನಿಂದ ಕೂಡಲೇ ಹೊರಟುಬರಲಾಗಲಿಲ್ಲ. ಮಗುವನ್ನು ಹಿಡಿಯಲೂ ಹೆದರುತ್ತಿದ್ದ ನನ್ನನ್ನು ನೋಡಿ ಆಜಿ ಕೇಳದೆಯೇ ಒಳಗೆ ಬಂದರು, ಪಾಟ ಎಳೆದುಕೊಂಡು ಮೋರಿಯಲ್ಲಿ ಕುಳಿತರು.

ಅವರ ಕೈಯನ್ನು ನಾನು ದಿನವೂ ನೋಡುತ್ತಿದ್ದೆ. ಬಾಲದಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಎಂದಿಗೂ ಈ ಕ್ರಮ ತಪ್ಪಿದ್ದಿಲ್ಲ. ನೀರಿನ ಹದವನ್ನು ಬೆರಳಿನಿಂದ ನೋಡುತ್ತಿರಲಿಲ್ಲ. ಕೆಲಸ ಮಾಡಿದ ಬೆರಳಿಗೆ ಬಿಸಿ ತಿಳಿಯುವುದಿಲ್ಲ ಎಂದು ಮೊಣಕೈಯನ್ನು ಅದ್ದುತ್ತಿದ್ದರು. ತಂಬಿಗೆಯಿಂದ ನೇರವಾಗಿ ಹೊಯ್ಯದೆ, ತಮ್ಮ ಅಂಗೈಯ ಮೇಲೆ ಬೀಳಿಸಿಕೊಂಡು ಅಲ್ಲಿಂದ ಮಗುವಿನ ಮೈಗೆ ಇಳಿಸುತ್ತಿದ್ದರು. ತಲೆಗೆ ನೀರು ಕೊನೆಯಲ್ಲಿ, ಕ್ಷಣಮಾತ್ರ. ಕೂಡಲೇ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಕೊಡುತ್ತಿದ್ದರು. ಇಷ್ಟಕ್ಕೆಲ್ಲ ಐದಾರು ನಿಮಿಷ. ಅಷ್ಟು ಹೊತ್ತೂ ಮಗುವಿನೊಂದಿಗೆ ಮಾತು. ಎಡಗೈ ಕತ್ತಿನ ಕೆಳಗಿನಿಂದ ಒಮ್ಮೆಯೂ ಸರಿಯುತ್ತಿರಲಿಲ್ಲ.

ಅವರಲ್ಲಿಯೂ ತಪ್ಪುಗಳಿದ್ದವು. ಸ್ನಾನವಾದ ಮೇಲೆ ಕೆಂಡಕ್ಕೆ ಓಮ ಮತ್ತು ಬೆಳ್ಳುಳ್ಳಿಯ ಸಿಪ್ಪೆ ಹಾಕಿ, ಕಿಟಕಿ ಮುಚ್ಚಿ, ಆ ಹೊಗೆಯನ್ನು ಮಗುವಿಗೆ ತಾಗಿಸುತ್ತಿದ್ದರು. ಮಗು ಕೆಮ್ಮಿದರೆ ಕಫ ಕೀಳುತ್ತಿದೆ ಎನ್ನುತ್ತಿದ್ದರು. ಕಣ್ಣಿನ ಅಂಚಿಗೆ ಕಾಡಿಗೆ ತೀಡುತ್ತಿದ್ದರು. ಆಗ ಅದು ನನಗೆ ತಪ್ಪೆಂದು ತೋರಿರಲಿಲ್ಲ. ನಮ್ಮೂರಿನಲ್ಲಿಯೂ ಅದನ್ನೇ ಮಾಡುತ್ತಿದ್ದರು.

ಮೂರನೆಯ ವಾರಕ್ಕೆ ನನ್ನ ತಾಯಿ ಬಂದರು. ಮಗುವಿನ ಎದೆಯ ಎರಡೂ ಬದಿ ಸ್ವಲ್ಪ ಉಬ್ಬಿತ್ತು. ಹುಟ್ಟಿದ ಮಕ್ಕಳಲ್ಲಿ, ಗಂಡಾಗಲಿ ಹೆಣ್ಣಾಗಲಿ, ಇದು ಸಾಮಾನ್ಯ; ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಹಾರ್ಮೋನುಗಳ ಪರಿಣಾಮ, ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಅಮ್ಮನಿಗೆ ತಿಳಿದಿದ್ದುದು ಬೇರೆ: “ಹಿಂಡಿ ತೆಗೆಯದಿದ್ದರೆ ಗಂಟಾಗಿ ನಿಲ್ಲುತ್ತದೆ ಮಗಾ.” ಮೂರು ದಿನ ಮೀಯಿಸುವಾಗ ಹಿಂಡಿದರು. ಮಗು ಚೀರಿತು. ನಾನು ಬಾಗಿಲಿಗೆ ಒರಗಿ ನಿಂತು ನೋಡಿದೆ; ಬೇಡವೆನ್ನಲಿಲ್ಲ. ನಾಲ್ಕನೆಯ ದಿನ ಬಲಗಡೆ ಕೆಂಪಾಯಿತು, ಜ್ವರ ಬಂತು, ಕೀವುಗಟ್ಟಿತು. ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು, ವಾರವಿಡೀ ಚುಚ್ಚುಮದ್ದು. ಆ ಗಾಯದ ಗುರುತು ಇಂದಿಗೂ ನನ್ನ ಮಗನ ಎದೆಯ ಮೇಲಿದೆ. ಕೇಳಿದವರಿಗೆಲ್ಲ ‘ಕುರು ಎದ್ದಿತ್ತು’ ಎಂದೆ. ಅಮ್ಮ ತೀರಿಕೊಳ್ಳುವವರೆಗೂ ನಾವಿಬ್ಬರೂ ಆ ಮಾತೆತ್ತಲಿಲ್ಲ. ಪ್ರೀತಿಯಿಂದ ಮಾಡಿದ ಕೆಲಸ ಹಾನಿ ಮಾಡಬಹುದು ಎಂದು ಒಪ್ಪುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಫ್ರಿಜ್ಜಿನ ಮೇಲಿನ ಹಾಳೆಯನ್ನು ನಾನು ಸರಿಯಾಗಿ ಓದಿದ್ದು ಆ ರಾತ್ರಿಯ ಮರುದಿನ. ಅದರಲ್ಲಿದ್ದ ಒಂದೊಂದು ಸಾಲಿಗೂ ಕಾರಣವಿದೆ ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಆರೋಗ್ಯವಂತ ಮಗುವಿಗೂ ಹುಟ್ಟಿದ ಮೇಲೆ ಕನಿಷ್ಠ 24 ಗಂಟೆ ಸ್ನಾನ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒದ್ದೆ ಮೈಯಿಂದ ಶಾಖ ಬೇಗ ಹೊರಟುಹೋಗುತ್ತದೆ. ತೂಕ ಕಡಿಮೆಯಿರುವ ಮಗುವಿನ ಮೈಯಲ್ಲಿ ಅದನ್ನು ತಡೆಯುವ ಕೊಬ್ಬಿಲ್ಲ. ಹುಟ್ಟುವಾಗ ಮೈಗೆ ಅಂಟಿರುವ ಬಿಳಿಯ ಜಿಡ್ಡನ್ನು ನಮ್ಮವರು ಕೊಳೆಯೆಂದು ಕಡಲೆಹಿಟ್ಟಿನಿಂದ ಉಜ್ಜಿ ತೆಗೆಯುತ್ತಿದ್ದರು. ಅದು ಚರ್ಮವನ್ನು ಕಾಯುವ ಲೇಪ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ದಾದಿಯರು ಮೊದಲ ಸ್ನಾನವನ್ನು 12 ಗಂಟೆಯಾದರೂ ಮುಂದೂಡಿ ನೋಡಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು: ಆಸ್ಪತ್ರೆಯಲ್ಲಿ ತಾಯಿಯ ಹಾಲನ್ನಷ್ಟೇ ಕುಡಿದ ಮಕ್ಕಳ ಪ್ರಮಾಣ ಶೇಕಡಾ 59.8ರಿಂದ 68.2ಕ್ಕೆ ಏರಿತ್ತು. ಹೊಕ್ಕುಳಿಗೆ ಅರಸಿನ, ಬೂದಿ, ಎಣ್ಣೆ ಯಾವುದೂ ಬೇಡ, ಒಣಗಿದ್ದಷ್ಟು ಒಳ್ಳೆಯದು. ಮೂಗಿಗೂ ಕಿವಿಗೂ ಎಣ್ಣೆ ಬಿಡಬಾರದು; ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಕಾಡಿಗೆಯಲ್ಲಿ ಸೀಸವಿರಬಹುದು. ಹೊಗೆ ಎಳೆಯ ಶ್ವಾಸಕೋಶಕ್ಕೆ ಹೊಗೆಯೇ, ಅದು ಓಮದ್ದಾದರೂ ಸಾಂಬ್ರಾಣಿಯದ್ದಾದರೂ.

ಹಾಗಾದರೆ ಹಳೆಯದೆಲ್ಲ ಹೋಗಲಿ ಎನ್ನಬೇಕೇ? ನನ್ನ ಅಭಿಪ್ರಾಯ ಅದಲ್ಲ. ಹೊರನಾಡಿನ ನಮ್ಮ ಮನೆಗಳಲ್ಲಿ ಈಗ ಎರಡು ಪಂಗಡಗಳನ್ನು ಕಾಣುತ್ತೇನೆ. ಒಂದು, ‘ನಮ್ಮನ್ನು ಹೀಗೆಯೇ ಸಾಕಲಿಲ್ಲವೇ’ ಎಂದು ಎಲ್ಲವನ್ನೂ ಹಾಗೆಯೇ ಹಿಡಿದುಕೊಂಡಿರುವ ಹಿರಿಯರದು. ಇನ್ನೊಂದು, ಊರಿನಿಂದ ಬಂದ ಪ್ರತಿಯೊಂದನ್ನೂ ಮೌಢ್ಯವೆಂದು ಬದಿಗಿಟ್ಟು, ಮಗುವನ್ನು ಮೊಬೈಲಿನ ವಿಡಿಯೋ ನೋಡಿ ಮೀಯಿಸುವ ಕಿರಿಯರದು. ಎರಡೂ ಪಂಗಡಗಳು ಆರಿಸುವ ಶ್ರಮದಿಂದ ತಪ್ಪಿಸಿಕೊಳ್ಳುತ್ತಿವೆ. ಅಕ್ಕಿಯಲ್ಲಿ ಕಲ್ಲಿದೆಯೆಂದು ಅಕ್ಕಿಯನ್ನು ಎಸೆಯುವುದಿಲ್ಲ; ಕಲ್ಲಿನೊಡನೆ ಬೇಯಿಸುವುದೂ ಇಲ್ಲ. ಕೂತು ಆರಿಸಬೇಕು.

ಆರಿಸಿದರೆ ಉಳಿಯುವುದು ಸ್ವಲ್ಪವಲ್ಲ. ಎಣ್ಣೆ ತಿಕ್ಕುವುದನ್ನೇ ನೋಡಿ. ಮೆಲ್ಲಗೆ ಮೈಯೆಲ್ಲ ನೀವುವುದು ಬೆಳವಣಿಗೆಗೆ ಒಳ್ಳೆಯದಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಒಪ್ಪುತ್ತದೆ. ಇದೇ ಮುಂಬಯಿಯ ಸಯನ್ ಆಸ್ಪತ್ರೆಯ ವೈದ್ಯರು 2005ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ತೆಂಗಿನೆಣ್ಣೆ ಹಚ್ಚಿ ನೀವಿದವರ ತೂಕ ಖನಿಜ ತೈಲ ಹಚ್ಚಿದವರಿಗಿಂತ ಬೇಗ ಏರಿತ್ತು. ನಮ್ಮ ಕರಾವಳಿಯ ತೆಂಗಿನೆಣ್ಣೆಯ ಬಟ್ಟಲು ಗೆದ್ದಿತೆಂದು ನಾನು ಒಳಗೊಳಗೇ ಹಿಗ್ಗಿದೆ. ಆದರೆ ಆ ಅಧ್ಯಯನದಲ್ಲಿ ಕೀಲು ತಿರುಚಿದವರೂ ಇಲ್ಲ, ತಲೆ ಒತ್ತಿದವರೂ ಇಲ್ಲ. ತರಬೇತಿ ಪಡೆದ ಕೈಯ ಮೃದು ಒತ್ತಡವಿತ್ತು. ಬೆಚ್ಚನೆಯ ಕೋಣೆ, ಮೊಣಕೈಯ ಪರೀಕ್ಷೆ, ತಲೆಗೆ ಕೊನೆಯಲ್ಲಿ ನೀರು, ಕತ್ತಿನಿಂದ ಸರಿಯದ ಎಡಗೈ: ಆಜಿಯ ಈ ನಾಲ್ಕು ಪಾಠಗಳಿಗೆ ಇಂದಿನ ವೈದ್ಯರೂ ತಲೆದೂಗುತ್ತಾರೆ. ಹಾಳೆಯಲ್ಲಿ ‘ಬೆಚ್ಚನೆಯ ನೀರು’ ಎಂದು ಬರೆದಿರುತ್ತದೆ. ಆ ಹದವನ್ನು ಕೈಗೆ ಕಲಿಸಲು ಇನ್ನೊಂದು ಕೈ ಬೇಕು.

ಆ ಇನ್ನೊಂದು ಕೈ ಈಗ ಬಹುತೇಕ ಮನೆಗಳಲ್ಲಿ ಕೂಲಿಗೆ ಬರುವ ಮಾಲಿಶ್‌ವಾಲಿ ಬಾಯಿಯದು. ಅವಳ ಬಗ್ಗೆ ನಮ್ಮವರು ಆಡುವ ಮಾತು ನನಗೆ ಹಿಡಿಸುವುದಿಲ್ಲ. ಒಂದು ಬೆಳಿಗ್ಗೆ ಆರೇಳು ಮನೆ ಓಡುವವಳು ನಮ್ಮ ಮಗುವಿನ ಮೇಲೆ ಅಜ್ಜಿಯ ವಾತ್ಸಲ್ಯವನ್ನೂ ತೋರಬೇಕು, ದಾದಿಯ ಜ್ಞಾನವನ್ನೂ ಹೊಂದಿರಬೇಕು, ಕೂಲಿ ಮಾತ್ರ ಕಡಿಮೆ ಕೇಳಬೇಕು. ಆಜಿಯ ವಿಷಯದಲ್ಲಿ ನಾವೂ ಹೀಗೆಯೇ ಮಾಡಿದೆವು. ಅಮ್ಮ ಊರಿಗೆ ಮರಳಿದ ಮೇಲೆ ಅವರೇ ಮತ್ತೆ ಬಂದು ಮಗನಿಗೆ ಮೂರು ತಿಂಗಳು ನೀರೆರೆದರು. ಅವರ ಮನೆಯಲ್ಲಿ ಸಂಬಳ ನಿಂತು ತಿಂಗಳುಗಳಾಗಿದ್ದವು. ನಾವು ಕೊಟ್ಟದ್ದು ಒಂದು ಖಣ, ಒಂದು ತೆಂಗಿನಕಾಯಿ. ‘ಹಣ ಕೊಟ್ಟರೆ ನೊಂದುಕೊಳ್ಳುತ್ತಾರೆ’ ಎಂದರು ನನ್ನ ಪತಿ. ನನಗೂ ಹಾಗೆ ಅಂದುಕೊಳ್ಳುವುದೇ ಅನುಕೂಲವಾಗಿತ್ತು. ಹೆಂಗಸರ ಕೈಗೆಲಸವನ್ನು ಪ್ರೀತಿಯೆಂದು ಕರೆದು ನಾವು ಎಷ್ಟು ಕೂಲಿ ಉಳಿಸಿಕೊಂಡಿದ್ದೇವೆಂದು ಲೆಕ್ಕ ಹಾಕಿದರೆ ತಲೆ ತಗ್ಗಿಸಬೇಕಾಗುತ್ತದೆ.

ಇಂಥ ಕೈಗಳಿಗೆ ಕಲಿಸಲು ಸಾಧ್ಯವಿಲ್ಲ ಎನ್ನುವವರಿಗೆ ಮಹಾರಾಷ್ಟ್ರದ ಗಡಚಿರೋಲಿಯ ಉದಾಹರಣೆ ಸಾಕು. ಅಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆ ಹಳ್ಳಿಯ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿತು: ಮಗುವನ್ನು ಬೆಚ್ಚಗಿಡುವುದು, ತೂಕ ನೋಡುವುದು, ಸೋಂಕನ್ನು ಗುರುತಿಸುವುದು. 1999ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿಯಂತೆ, ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಮರಣ ಮೂರನೆಯ ವರ್ಷಕ್ಕೆ ಶೇಕಡಾ 62ರಷ್ಟು ಇಳಿದಿತ್ತು. ಆಶಾ ಕಾರ್ಯಕರ್ತೆಯರು ಬಾಣಂತಿಯರ ಮನೆಗೆ ಹೋಗಿ ಮಗುವನ್ನು ನೋಡುವ 2011ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಈ ಕೆಲಸವೇ ಪ್ರೇರಣೆ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತದೆಯೇ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು; 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಪ್ರಶಸ್ತಿ ಕೊಟ್ಟು ಕೈಮುಗಿಯುವುದು ಸುಲಭ. ಬಾಗಿಲಿಗೆ ಬರುವ ಬಾಯಿಯನ್ನು ಕೂರಿಸಿಕೊಂಡು, ಮೂಗಿಗೆ ಎಣ್ಣೆ ಬೇಡ, ಎದೆ ಹಿಂಡುವುದು ಬೇಡ, ಸಾಬೂನಿನಿಂದ ಕೈ ತೊಳೆದುಕೊಂಡು ಮುಟ್ಟು ಎಂದು ಹೇಳಿ, ಅವಳಿಗೆ ತಿಳಿದಿರುವುದನ್ನು ಕೇಳಿ, ತಕ್ಕ ಕೂಲಿ ಕೊಡುವುದು ಕಷ್ಟ. ನಮ್ಮ ಸಂಘಸಂಸ್ಥೆಗಳು ನಗರದಲ್ಲಿ ಎಷ್ಟೋ ಬಗೆಯ ಶಿಬಿರ ನಡೆಸುತ್ತವೆ. ಬಸುರಿಯರು, ಅವರ ಅತ್ತೆಯಂದಿರು, ಈ ಬಾಯಿಯರು ಒಟ್ಟಿಗೆ ಕೂತು ಒಬ್ಬ ದಾದಿಯಿಂದ ಮಗುವನ್ನು ಮೀಯಿಸುವುದನ್ನು ಕಲಿಯುವ ಒಂದು ಬೆಳಗ್ಗೆಯನ್ನು ಏರ್ಪಡಿಸಬಾರದೇಕೆ? ಅಲ್ಲಿ ಅಪ್ಪಂದಿರೂ ಬರಲಿ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸುವುದರ ಅಪಾಯವನ್ನೂ ತಿಳಿಸಲಿ. ವಾಸನೆಯಿಲ್ಲದ ಆ ವಿಷಾನಿಲ ದೊಡ್ಡವರನ್ನೇ ಉಳಿಸದು.

ಭಾಷೆಯ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ನನ್ನ ಸ್ವಾರ್ಥ ಅಲ್ಲಿದೆ. ಹೊರನಾಡಿನಲ್ಲಿ ಕನ್ನಡ ಉಳಿಯುವುದು ಹೇಗೆ ಎಂದು ನಾವು ಪ್ರತಿ ನವೆಂಬರಿನಲ್ಲಿ ವೇದಿಕೆ ಹತ್ತಿ ಕೇಳುತ್ತೇವೆ. ಮಗುವಿನೊಂದಿಗೆ ಇಡೀ ಗಮನವಿಟ್ಟು ಎದುರುಬದುರಾಗಿ ಮಾತಾಡುವ ಹೊತ್ತು ದಿನದಲ್ಲಿ ಎಷ್ಟು? ಹಾಲೂಡುವಾಗ ಕೈಯಲ್ಲಿ ಮೊಬೈಲು ಇರುತ್ತದೆ, ಮಲಗಿಸುವಾಗಲೂ ಇರುತ್ತದೆ. ಎಣ್ಣೆಗೈಯಲ್ಲಿ, ಒದ್ದೆಗೈಯಲ್ಲಿ ಮೊಬೈಲು ಹಿಡಿಯಲಾಗದು. ಆ ಹದಿನೈದು ನಿಮಿಷ ಮಗುವಿನ ಕಣ್ಣು ನಮ್ಮ ಮುಖದ ಮೇಲಿರುತ್ತದೆ. ನನ್ನ ಮಗ ಆಜಿಯ ಕಾಲ ಮೇಲೆ ಮಲಗಿ ಮರಾಠಿ ಕೇಳಿದ. ಅವನ ಬಾಯಿಂದ ಮೊದಲು ಹೊರಟ ಮಾತುಗಳಲ್ಲಿ ಅರ್ಧ ಮರಾಠಿಯವು. ನನಗೆ ಅದರ ಬಗ್ಗೆ ಕೊರಗಿಲ್ಲ. ಆಜಿ ಅದನ್ನು ಗಳಿಸಿಕೊಂಡಿದ್ದರು. ಭಾಷೆ ಯಾರ ಕೈಯಲ್ಲಿ ಕೆಲಸವಿದೆಯೋ ಅವರಿಂದ ಬರುತ್ತದೆ. ಅಧಿಕಾರದಿಂದ ಕೇಳಿದರೆ ಬರುವುದಿಲ್ಲ.

ಎರಡು ದಿನ ಬಿಟ್ಟು ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವಳ ಗಂಡನ ಎದೆಯ ಮೇಲಿನ ಗುರುತಿನ ಕಥೆಯನ್ನು ಹೇಳಿದೆ. ಅವಳು ತಡೆಯದೆ ಕೇಳಿದಳು. ಮುಗಿದ ಮೇಲೆ “ಆಯಿ, ಆ ಆಜಿ ನೀರಿನ ಹದ ಹೇಗೆ ನೋಡುತ್ತಿದ್ದರು, ಇನ್ನೊಮ್ಮೆ ಹೇಳಿ” ಎಂದಳು.

ಹನ್ನೊಂದನೆಯ ದಿನ ಹೊಕ್ಕುಳಬಳ್ಳಿ ಉದುರಿತು. ತೂಕ 2 ಕಿಲೋ 500 ಗ್ರಾಂ ದಾಟಿದ ಮರುದಿನ, ಫ್ಯಾನು ನಿಲ್ಲಿಸಿ, ನೀರನ್ನು ಅಡುಗೆಮನೆಯಲ್ಲಿ ಕಾಯಿಸಿ ತಂದೆವು. ಮಣೆಯ ಮೇಲೆ ಕುಳಿತದ್ದು ಸೊಸೆ. ಕಾಲು ಚಾಚಿ, ಮಗುವನ್ನು ಮಲಗಿಸಿಕೊಂಡು, ಎಡಗೈಯನ್ನು ಕತ್ತಿನ ಕೆಳಗೆ ಇಟ್ಟಳು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಾಲದಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿದೆ. ನನ್ನಿಂದ ಕೇಳಿ ಕಲಿತ ಕರಾವಳಿಯ ಕನ್ನಡದಲ್ಲಿ ಅವಳು “ಆಯಿ, ಬಿಸಿ ಸರಿ ಉಂಟಾ?” ಎಂದಳು. ನಾನು ಮೊಣಕೈ ಅದ್ದಿ ನೋಡಿ, “ಉಂಟು, ಮೀಯಿಸು” ಎಂದೆ.